ಎಷ್ಟು ಸಿಸಿ ಇದ್ದರೆ ಸಾಕು? ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಮಾತನ್ನು ಬೇರೆ ಬೇರೆ ಬಗೆಯಲ್ಲಿ ಕೇಳಿವೆ. ವಾರವೆಲ್ಲ ಕೆಲಸಕ್ಕೆ, ರಜೆ ಸಿಕ್ಕರೆ ಮಲೆನಾಡಿಗೋ ಕರಾವಳಿಗೋ. ಎರಡಕ್ಕೂ ಒಂದೇ ಬೈಕ್ ಆಗುತ್ತದೆಯೇ, ಆಗುವುದಾದರೆ ಎಷ್ಟು ದೊಡ್ಡದು? ಕೆಲವನ್ನು ಆಯ್ದು ಉತ್ತರಿಸಿದ್ದೇವೆ.

ಪ್ರಶ್ನೆ: ನನ್ನ ಹತ್ತಿರ ಹತ್ತು ವರ್ಷದ 150 ಸಿಸಿ ಬೈಕ್ ಇದೆ. ದಿನಾ ಆಫೀಸಿಗೆ ಹೋಗಿಬರಲು 40 ಕಿ.ಮೀ., ಎಲ್ಲ ಟ್ರಾಫಿಕ್ಕೇ. ವರ್ಷಕ್ಕೆ ನಾಲ್ಕು ಸಲ ಹೆಂಡತಿಯ ಜೊತೆ ಚಿಕ್ಕಮಗಳೂರು, ಶಿರಸಿ, ಮಡಿಕೇರಿ ಕಡೆ ಹೋಗುತ್ತೇವೆ. ನನ್ನ ತೂಕ 74 ಕೆ.ಜಿ., ಅವಳದು 58. ಗೆಳೆಯರೆಲ್ಲ 650 ತಗೋ ಅನ್ನುತ್ತಾರೆ. 350 ಸಾಕೇ, 450 ಬೇಕೇ, ಅಥವಾ ಒಂದೇ ಸಲಕ್ಕೆ 650ಕ್ಕೆ ಹೋಗಲೇ? (ಬೆಂಗಳೂರಿನ ಓದುಗರು)

ಉತ್ತರ: ಮೊದಲು ಕಿಲೋಮೀಟರ್ ಲೆಕ್ಕ ಹಾಕಿ. ತಿಂಗಳಿಗೆ 22 ಕೆಲಸದ ದಿನ ಅಂದರೆ 880 ಕಿ.ಮೀ., ವರ್ಷಕ್ಕೆ 10,560. ನಾಲ್ಕು ಪ್ರವಾಸಕ್ಕೆ ತಲಾ 600 ಎಂದರೂ 2,400. ಅಲ್ಲಿಗೆ ನಿಮ್ಮ ಬೈಕ್ ಓಡುವ ಪ್ರತಿ ಐದು ಕಿಲೋಮೀಟರಿನಲ್ಲಿ ನಾಲ್ಕು ಸಿಗ್ನಲ್‌ನಿಂದ ಸಿಗ್ನಲ್‌ಗೇ. ಬೈಕನ್ನು ಆ ನಾಲ್ಕಕ್ಕೆ ಆರಿಸಿ, ಐದನೆಯದಕ್ಕೆ ಸಾಲುತ್ತದೆಯೇ ಎಂದು ಆಮೇಲೆ ನೋಡಿ. ಗೆಳೆಯರ ಸಲಹೆ ಈ ಲೆಕ್ಕವನ್ನು ತಿರುಗಾಮುರುಗಾ ಮಾಡಿದೆ.

ಇನ್ನು ಭಾರ. ನೀವಿಬ್ಬರು, ಎರಡು ಹೆಲ್ಮೆಟ್, ಜಾಕೆಟ್, ಬ್ಯಾಗ್ ಸೇರಿ 20 ಕೆ.ಜಿ.; ಒಟ್ಟು 152. ಇದನ್ನು ಬೈಕಿನ ತೂಕಕ್ಕೆ ಕೂಡಿಸಿ, ಎಂಜಿನ್ನಿನ ಶಕ್ತಿಯನ್ನು ಅದರಿಂದ ಭಾಗಿಸಿ. ನಾಲ್ಕು ವಾಲ್ವಿನ 160 ಸಿಸಿ ಅಪಾಚೆಯಂಥ ಬೈಕು ಸುಮಾರು 146 ಕೆ.ಜಿ., 17 ಬಿಎಚ್‌ಪಿ ಮೇಲೆ ಚೂರು. ಪ್ರತಿ 100 ಕೆ.ಜಿ.ಗೆ 5.8 ಬಿಎಚ್‌ಪಿ ಬರುತ್ತದೆ. ಕ್ಲಾಸಿಕ್ 350 ತೂಕ 195, ಶಕ್ತಿ 20.2. ಅಲ್ಲೂ 5.8! ಸಿಸಿ ಎರಡು ಪಟ್ಟಿಗಿಂತ ಜಾಸ್ತಿ, ಉತ್ತರ ಮಾತ್ರ ಅದೇ. 196 ಕೆ.ಜಿ.ಯ ಹಿಮಾಲಯನ್ 450ಕ್ಕೆ 11ರ ಮೇಲೆ, 218 ಕೆ.ಜಿ.ಯ ಇಂಟರ್‌ಸೆಪ್ಟರ್ 650ಕ್ಕೆ 12.7.

ಹಾಗಾದರೆ 160 ಮತ್ತು 350 ಒಂದೇನಾ ಅಂದರೆ, ಅಲ್ಲ. ವ್ಯತ್ಯಾಸ ಇರುವುದು ಆ ಶಕ್ತಿ ಎಷ್ಟು ಆರ್‌ಪಿಎಂನಲ್ಲಿ, ಅಂದರೆ ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗಿದಾಗ, ಸಿಗುತ್ತದೆ ಎಂಬಲ್ಲಿ. 160ರ ಗರಿಷ್ಠ ಟಾರ್ಕ್ (ಎಂಜಿನ್ನಿನ ತಿರುಗಿಸುವ ಬಲ) 14.7 ನ್ಯೂಟನ್ ಮೀಟರ್, ಅದು ಸಿಗುವುದು 7,000 ದಾಟಿದ ಮೇಲೆ. ಕ್ಲಾಸಿಕ್‌ನ 27 ನ್ಯೂಟನ್ ಮೀಟರ್ 4,000ಕ್ಕೇ ಸಿಗುತ್ತದೆ. ಚಾರ್ಮಾಡಿಯಲ್ಲಿ ಕೊಟ್ಟಿಗೆಹಾರದ ಕಡೆಗೆ ಹತ್ತುತ್ತಿದ್ದೀರಿ, ಹಿಂದೆ ಹೆಂಡತಿ, ಮುಂದೆ ಹೇರ್‌ಪಿನ್ ತಿರುವಿನಲ್ಲಿ ನಿಂತೇ ಹೋದಂತಿರುವ ಬಸ್ಸು ಎಂದುಕೊಳ್ಳಿ. 160ನ್ನು ಫಸ್ಟ್ ಗೇರಿಗೆ ಇಳಿಸಿ ಕಿರುಚಿಸಬೇಕು. 350 ಎರಡನೇ ಗೇರಿನಲ್ಲೇ ಗುರುಗುಟ್ಟುತ್ತ ಎಳೆದುಕೊಂಡು ಹೋಗುತ್ತದೆ. ಅದೇ ಸಿರಾ ದಾಟಿದ ಮೇಲಿನ ನೇರ ಹೈವೇಯಲ್ಲಿ 85ರಿಂದ ಮುಂದಕ್ಕೆ ಓವರ್‌ಟೇಕ್ ಮಾಡಬೇಕೆಂದರೆ ಎರಡೂ ಒಂದೇ, ಎರಡೂ ನಿಧಾನ.

450ರ ಗುಣ ತಿಳಿಯುವುದು ಆ 85ರ ಮೇಲೆ. ಆದರೆ ನಮ್ಮ ನಾಲ್ಕು ಪಥದ ಹೈವೇಗಳಲ್ಲಿ ದ್ವಿಚಕ್ರಕ್ಕೆ ಇರುವ ಮಿತಿಯೇ 80. ಎರಡು ಪಥದ ರಸ್ತೆಯಲ್ಲಿ ಟಿಪ್ಪರ್ ಲಾರಿಯನ್ನು ಬೇಗ ದಾಟಿ ಎಡಕ್ಕೆ ಬರಲು ಆ ಶಕ್ತಿ ನಿಜವಾಗಿ ಉಪಯೋಗಕ್ಕೆ ಬರುತ್ತದೆ, ಇಲ್ಲವೆನ್ನುವುದಿಲ್ಲ. ಆದರೆ ಹಿಮಾಲಯನ್ 450ರ ಗರಿಷ್ಠ ಟಾರ್ಕ್ 5,500 ಆರ್‌ಪಿಎಂನಲ್ಲಿ. 3,000ದ ಕೆಳಗೆ ಅದು ಸ್ವಲ್ಪ ಸೋಮಾರಿ. ಸಿಲ್ಕ್ ಬೋರ್ಡ್‌ನಲ್ಲಿ ನೀವು ಇರುವುದು ಆ 3,000ದ ಕೆಳಗೇ. ರೇಡಿಯೇಟರ್ ಫ್ಯಾನ್ ಶುರುವಾದರೆ ಬಿಸಿಗಾಳಿ ಮೊಣಕಾಲಿಗೆ ಬಡಿಯುತ್ತದೆ. 650ರ ತೊಂದರೆ ಬೇರೆ: 218 ಕೆ.ಜಿ.ಯನ್ನು ಬೇಸ್‌ಮೆಂಟ್ ಪಾರ್ಕಿಂಗ್‌ನ ಎರಡು ಕಾರುಗಳ ಸಂದಿಯಿಂದ ದಿನಾ ಹಿಂದಕ್ಕೆ ತಳ್ಳಿ ತೆಗೆಯಬೇಕು. ಮೊದಲ ತಿಂಗಳು ಖುಷಿ, ಮೂರನೇ ತಿಂಗಳು ಆಫೀಸಿಗೆ ಮೆಟ್ರೊ. ಈ ಕಥೆ ಬಹಳ ಮನೆಗಳಲ್ಲಿ ಆಗಿದೆ.

ನಿಮಗೆ 250ರಿಂದ 350 ಸಾಕು. 250ರಲ್ಲಿ ವಿ-ಸ್ಟ್ರಾಮ್ ಎಸ್‌ಎಕ್ಸ್ ಥರದ್ದು 167 ಕೆ.ಜಿ., 26 ಬಿಎಚ್‌ಪಿ. ನಿಮ್ಮ ಭಾರಕ್ಕೆ 100 ಕೆ.ಜಿ.ಗೆ 8ರ ಮೇಲೆ ಸಿಗುತ್ತದೆ, ಅಂದರೆ 350ಕ್ಕಿಂತ ಚುರುಕು, ಹಗುರವೂ ಹೌದು. ಸೀಟು 835 ಮಿ.ಮೀ. ಎತ್ತರ, ಹಿಂದೆ ಹತ್ತಿ ಕೂರಲು ಸ್ವಲ್ಪ ಕಷ್ಟ. ಆದ್ದರಿಂದ ಶೋರೂಮಿಗೆ ನಿಮ್ಮಾಕೆಯನ್ನೂ ಕರೆದುಕೊಂಡು ಹೋಗಿ. ಹಿಂದಿನ ಸೀಟಿನ ಅಗಲ, ಫುಟ್‌ರೆಸ್ಟ್ ಎಷ್ಟು ಮೇಲಿದೆ, ಸೈಲೆನ್ಸರ್ ಬಿಸಿ ಕಾಲಿಗೆ ತಾಗುತ್ತದೆಯೇ, ಇದನ್ನೆಲ್ಲ ಅವರೇ ಹೇಳಬೇಕು. 150 ಕಿ.ಮೀ.ಗೆ ಬೆನ್ನು ಹಿಡಿದುಕೊಂಡಿತೆಂದರೆ ಐದನೇ ಪ್ರವಾಸಕ್ಕೆ ನೀವು ಒಬ್ಬರೇ.

ಪ್ರಶ್ನೆ: ನನ್ನ ಎತ್ತರ 5 ಅಡಿ 1 ಇಂಚು. ಸ್ಕೂಟರ್ ಬಿಟ್ಟು ಬೈಕ್ ಕೊಳ್ಳಬೇಕೆಂದಿದ್ದೇನೆ, ಆಗುಂಬೆ, ಕೊಲ್ಲೂರು ಕಡೆ ಒಬ್ಬಳೇ ಓಡಿಸುವ ಆಸೆ. ಶೋರೂಮಿನಲ್ಲಿ “ಮೇಡಂ, ಲೋ ಮಾಡಿಸಿಕೊಡ್ತೀವಿ” ಅಂದರು. ಮಾಡಿಸಬಹುದೇ? (ಶಿವಮೊಗ್ಗದ ಓದುಗರು)

ಉತ್ತರ: ಎತ್ತರ ಬಿಡಿ, ಕಾಲಿನ ಒಳ ಅಳತೆ ಮುಖ್ಯ. ಬರಿಗಾಲಲ್ಲಿ ಗೋಡೆಗೆ ಬೆನ್ನು ಹಚ್ಚಿ ನಿಂತು, ಗಟ್ಟಿ ರಟ್ಟಿನ ಪುಸ್ತಕವೊಂದನ್ನು ಕಾಲುಗಳ ನಡುವೆ ಸೀಟಿನ ಹಾಗೆ ಮೇಲಕ್ಕೆ ಒತ್ತಿ ಹಿಡಿಯಿರಿ. ಅದರ ಮೇಲಂಚಿನಿಂದ ನೆಲಕ್ಕೆ ಇನ್ನೊಬ್ಬರು ಟೇಪ್ ಹಿಡಿಯಲಿ. 71 ಸೆಂ.ಮೀ. ಬಂತೆಂದುಕೊಳ್ಳಿ. ಬೂಟಿನ ಅಟ್ಟೆ 3 ಸೆಂ.ಮೀ. ಕೂಡಿಸಿದರೆ 74. ನೀವು ಕೂತಾಗ ಶಾಕ್ ಅಬ್ಸಾರ್ಬರ್ ಕುಗ್ಗಿ ಸೀಟು 2ರಿಂದ 3 ಸೆಂ.ಮೀ. ಇಳಿಯುತ್ತದೆ. 765 ಮಿ.ಮೀ. ಸೀಟಿನ ಮೀಟಿಯಾರ್ 350ರಲ್ಲಿ ಎರಡೂ ಪಾದ ಹೆಚ್ಚುಕಡಿಮೆ ಪೂರ್ತಿ ಊರುತ್ತವೆ. 790ರ ಹಂಟರ್‌ನಲ್ಲಿ ಎರಡೂ ಪಾದದ ಮುಂಭಾಗ. 825ರ ಎಕ್ಸ್‌ಪಲ್ಸ್‌ನಲ್ಲಿ ಒಂದು ಕಡೆಗೆ ವಾಲಿ ಒಂದೇ ಕಾಲು. ಇದು ಕಾಗದದ ಲೆಕ್ಕ. ಸೀಟಿನ ಮುಂಭಾಗ ಅಗಲವಿದ್ದರೆ ತೊಡೆ ಹೊರಕ್ಕೆ ಸರಿದು 2 ಸೆಂ.ಮೀ. ಅಲ್ಲೇ ಹೋಗುತ್ತದೆ, ಆದ್ದರಿಂದ ಕೂತೇ ನೋಡಬೇಕು.

ಎರಡೂ ಪಾದ ಊರಲೇಬೇಕೆಂದಿಲ್ಲ. ಎಡಗಾಲು ಗಟ್ಟಿಯಾಗಿ ನೆಲಕ್ಕೆ, ಬಲಗಾಲು ಹಿಂದಿನ ಬ್ರೇಕಿನ ಮೇಲೆ. ಏರಿನಲ್ಲಿ ನಿಲ್ಲಿಸುವಾಗಂತೂ ಇದೇ ಸರಿಯಾದ ಕ್ರಮ, ಉದ್ದಕಾಲಿನವರಿಗೂ. ಕಷ್ಟ ಬರುವುದು ರಸ್ತೆ ಬಲಕ್ಕೆ ಇಳಿದಿದ್ದು ಎಡಗಡೆ ಮಣ್ಣು ಕೊಚ್ಚಿಹೋಗಿರುವ ಕಡೆ. ಕಾಲಿಡುವ ಜಾಗ ನೋಡಿಕೊಂಡೇ ನಿಲ್ಲಿಸುವ ಅಭ್ಯಾಸ ಮಾಡಿಕೊಳ್ಳಿ.

“ಲೋ” ಮಾಡಿಸುವ, ಅಂದರೆ ಗಾಡಿಯನ್ನೇ ತಗ್ಗಿಸುವ ವಿಷಯಕ್ಕೆ ನಾವು ಬೇಡ ಅನ್ನುತ್ತೇವೆ. ಹಿಂದೆ ಮಾತ್ರ ತಗ್ಗಿಸಿದರೆ ಮುಂಭಾಗ ಎದ್ದು ಹ್ಯಾಂಡಲ್ ತಿರುವಿಗೆ ತಡವಾಗಿ ಒಲಿಯುತ್ತದೆ. ಮುಂದೆ ಫೋರ್ಕನ್ನು (ಮುಂದಿನ ಚಕ್ರ ಹಿಡಿದಿರುವ ಜೋಡಿ ಕೊಳವೆ) ಕ್ಲ್ಯಾಂಪ್‌ನೊಳಗೆ ಮೇಲೆ ಸರಿಸಿ ಸರಿದೂಗಿಸಬಹುದು, ಆದರೆ ಗುಂಡಿಗೆ ಬಿದ್ದಾಗ ಮಡ್‌ಗಾರ್ಡ್ ಮೇಲೆ ತಾಗುವಷ್ಟು ಸರಿಸಬಾರದು. ಎಲ್ಲಕ್ಕಿಂತ ಹೆಚ್ಚಾಗಿ ಮರೆಯುವುದು ಸೈಡ್ ಸ್ಟ್ಯಾಂಡ್. ಗಾಡಿ 3 ಸೆಂ.ಮೀ. ತಗ್ಗಿತು, ಸ್ಟ್ಯಾಂಡ್ ಹಳೆಯ ಉದ್ದದ್ದೇ ಉಳಿಯಿತು. ಬೈಕ್ ನೆಟ್ಟಗೆ ನಿಲ್ಲುತ್ತದೆ, ಒಂದು ಗಾಳಿಗೆ ಬಲಕ್ಕೆ ಉರುಳುತ್ತದೆ. ಬೇಕೇ ಬೇಕೆಂದರೆ ಸೀಟಿನ ಸ್ಪಂಜನ್ನು 2 ಸೆಂ.ಮೀ. ಕೆತ್ತಿಸಿ, ಇಕ್ಕೆಲಗಳನ್ನು ಕಿರಿದು ಮಾಡಿಸಿ. ಅದಕ್ಕಿಂತ ಕೆಳಗೆ ಹೋದರೆ ತೀರ್ಥಹಳ್ಳಿ ಮುಟ್ಟುವಷ್ಟರಲ್ಲಿ ಬೆನ್ನಮೂಳೆಯ ತುದಿ ನೋಯುತ್ತದೆ.

ಪ್ರಶ್ನೆ: 350 ಮತ್ತು 400 ಸಿಸಿ ನಡುವೆ ಖರ್ಚಿನಲ್ಲಿ ಅಷ್ಟೇನೂ ಫರಕ್ ಇಲ್ಲ ಅಂತಾರೆ. ನಿಜ ಏನ್ರಿ? (ಹುಬ್ಬಳ್ಳಿಯ ಓದುಗರು)

ಉತ್ತರ: ಫರಕ್ ಇದೆ, 350 ಅನ್ನುವ ಗೆರೆಯ ಮೇಲೇ ಇದೆ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕಿಗೆ ಜಿಎಸ್‌ಟಿ 18%, ಅದರ ಮೇಲಿನದಕ್ಕೆ 40%. ತೆರಿಗೆಗೆ ಮುಂಚಿನ ಬೆಲೆ ₹2 ಲಕ್ಷ ಇದ್ದರೆ ಒಂದು ₹2.36 ಲಕ್ಷ, ಇನ್ನೊಂದು ₹2.80 ಲಕ್ಷ. ನಮ್ಮ ರಾಜ್ಯದ ಆಜೀವ ತೆರಿಗೆ ಸಿಸಿ ನೋಡುವುದಿಲ್ಲ, ಬೆಲೆ ನೋಡುತ್ತದೆ. ಬೆಲೆ ಏರಿದ್ದಕ್ಕೆ ಅದೂ ಏರುತ್ತದೆ. ಹೊಸ ಬೈಕಿಗೆ ಕಡ್ಡಾಯವಾದ ಐದು ವರ್ಷದ ಥರ್ಡ್ ಪಾರ್ಟಿ ವಿಮೆ 2022ರ ದರಪಟ್ಟಿಯಲ್ಲಿ 150ರಿಂದ 350 ಸಿಸಿಗೆ ₹7,365, ಅದರ ಮೇಲೆ ₹15,117. ಇದಕ್ಕೆ ತೆರಿಗೆ ಬೇರೆ.

ಪೆಟ್ರೋಲು: ವರ್ಷಕ್ಕೆ 12,000 ಕಿ.ಮೀ., ಲೀಟರಿಗೆ ₹103 ಎಂದು ಹಿಡಿಯಿರಿ. 45 ಕೊಡುವ 160 ಸಿಸಿಗೆ ₹27,500 ಹತ್ತಿರ. 34 ಕೊಡುವ 350ಕ್ಕೆ ₹36,400. 28 ಕೊಡುವ 400–450ಕ್ಕೆ ₹44,000 ದಾಟುತ್ತದೆ. ಟೈರ್, ಚೈನ್ ಸೆಟ್ಟು ಕೂಡ ಶಕ್ತಿ ಏರಿದಂತೆ ಬೇಗ ಸವೆಯುತ್ತವೆ.

ಪ್ರಶ್ನೆ: ನನ್ನ ಕಡೆ 100 ಸಿಸಿ ಗಾಡಿ ಐತ್ರಿ. ರಾಯಚೂರಿಂದ ಗೋಕರ್ಣಕ್ಕೆ ಒಬ್ಬನ ಹೋಗಬೇಕು. ದೊಡ್ಡ ಗಾಡಿ ತಗೊಳ್ಳಾಕ ಈಗ ರೊಕ್ಕ ಇಲ್ಲ. ನಡೀತದೇನ್ರಿ? (ರಾಯಚೂರಿನ ಓದುಗರು)

ಉತ್ತರ: ಧಾರಾಳವಾಗಿ ನಡೆಯುತ್ತದೆ. ಸುಮಾರು 400 ಕಿ.ಮೀ.; ಎರಡು ದಿನ ಮಾಡಿ, ಹುಬ್ಬಳ್ಳಿಯಲ್ಲಿ ತಂಗಿ. ವೇಗ 55ರಿಂದ 60. ಅದರ ಮೇಲೆ ಹೋದರೆ 8 ಬಿಎಚ್‌ಪಿ ಪೂರ್ತಿ ಗಾಳಿ ಸೀಳುವುದಕ್ಕೇ ಹೋಗುತ್ತದೆ, ಎಂಜಿನ್ ಕಾಯುತ್ತದೆ, ಎಣ್ಣೆ ಕುಡಿಯುತ್ತದೆ.

ಹೊರಡುವ ಮುನ್ನ ಎಂಜಿನ್ ಆಯಿಲ್ ಬದಲಿಸಿ. ಹುಬ್ಬಳ್ಳಿಯಲ್ಲಿ ಮತ್ತೆ ನೋಡಿ: ಎಂಜಿನ್ ಆರಿಸಿ ಐದು ನಿಮಿಷ ಬಿಟ್ಟು, ನಡುವಿನ ಸ್ಟ್ಯಾಂಡಿನ ಮೇಲೆ, ಎಣ್ಣೆ ಅಳೆಯುವ ಕಡ್ಡಿ (ಡಿಪ್‌ಸ್ಟಿಕ್) ಒರೆಸಿ ಒಳಗಿಡಿ. ಸ್ಪ್ಲೆಂಡರ್ ಜಾತಿಯ ಗಾಡಿಗಳಲ್ಲಿ ಅದನ್ನು ತಿರುಪದೆ ಸುಮ್ಮನೆ ಕೂರಿಸಿ ತೆಗೆಯಬೇಕು. ತಿರುಪಿ ನೋಡಿದರೆ ಇಲ್ಲದ ಎಣ್ಣೆ ಇದ್ದಂತೆ ಕಾಣುತ್ತದೆ. ಹಿಂದಿನ ಟೈರ್ ಸವೆದಿದ್ದರೆ ಹಾಕಿಸಿ; ಟ್ಯೂಬ್ ಟೈರಾದರೆ ಒಂದು ಟ್ಯೂಬ್ ಜೊತೆಗಿರಲಿ. ಯಲ್ಲಾಪುರದಿಂದ ಅಂಕೋಲಾ ಕಡೆಗೆ ನೂರು ರೂಪಾಯಿಯ ಟ್ಯೂಬಿಗೆ ಅರ್ಧ ದಿನ ಕಾಯುವ ಪಾಡು ಬೇಡ.

ಎಚ್ಚರ ಬೇಕಾದದ್ದು ಹತ್ತುವಾಗಲ್ಲ, ಅರಬೈಲ್ ಘಾಟಿ ಇಳಿಯುವಾಗ. ಪೆಟ್ರೋಲು ಉಳಿಸಲೆಂದು ನ್ಯೂಟ್ರಲ್‌ನಲ್ಲಿ ಬಿಡುವವರಿದ್ದಾರೆ, ಮಾಡಬೇಡಿ. ಡ್ರಮ್ ಬ್ರೇಕನ್ನು ಒಂದೇ ಸಮನೆ ಒತ್ತಿಕೊಂಡು ಇಳಿದರೆ ಡ್ರಮ್ ಕಾದು ಹಿಗ್ಗುತ್ತದೆ, ಲೈನರ್ ಹಿಡಿತ ಬಿಡುತ್ತದೆ, ಪೆಡಲ್ ಆಳಕ್ಕೆ ಹೋಗುತ್ತದೆ. ಎರಡನೇ ಗೇರಿನಲ್ಲಿ ಇಳಿಯಿರಿ, ಬ್ರೇಕನ್ನು ಒತ್ತಿ ಬಿಡಿ, ಒತ್ತಿ ಬಿಡಿ. ಸುಟ್ಟ ವಾಸನೆ ಬಂದರೆ ಅಗಲವಾದ ಜಾಗ ನೋಡಿ ಹತ್ತು ನಿಮಿಷ ನಿಲ್ಲಿಸಿ. ನೀರು ಸುರಿಯಬೇಡಿ.

ಪ್ರಶ್ನೆ: ನನ್ನ 350ರಲ್ಲಿ 95 ದಾಟಿದರೆ ಕೈ ಜುಮ್ ಅನ್ನುತ್ತದೆ. ಚೈನ್ ಎಳೆಯುವ ಮುಂದಿನ ಹಲ್ಲುಚಕ್ರಕ್ಕೆ (ಸ್ಪ್ರಾಕೆಟ್) ಒಂದು ಹಲ್ಲು ಜಾಸ್ತಿ ಹಾಕಿದರೆ ಸರಿಯಾಗುತ್ತದಂತೆ. ಹೌದೇ? (ಮಂಗಳೂರಿನ ಓದುಗರು)

ಉತ್ತರ: ಅರ್ಧ ಹೌದು. 14 ಹಲ್ಲಿನ ಜಾಗಕ್ಕೆ 15 ಬಂದರೆ ಅದೇ ವೇಗಕ್ಕೆ ಎಂಜಿನ್ ಸುಮಾರು 7% ನಿಧಾನ ತಿರುಗುತ್ತದೆ: 5,000ದ ಜಾಗದಲ್ಲಿ 4,670. ಜುಮ್ಮೆನ್ನುವ ವೇಗ ಆರೇಳು ಕಿಲೋಮೀಟರ್ ಮೇಲಕ್ಕೆ ಸರಿಯುತ್ತದೆ, ಮಾಯವಾಗುವುದಿಲ್ಲ. ಬದಲಿಗೆ ಎಲ್ಲ ಗೇರೂ ಉದ್ದವಾಗುತ್ತವೆ. ಶಿರಾಡಿಯಲ್ಲಿ ಲಾರಿ ಹಿಂದೆ ತೆವಳುವಾಗ ಫಸ್ಟ್ ಗೇರಿನಲ್ಲೂ ಕ್ಲಚ್ ಹಿಡಿದೇ ಹೋಗಬೇಕು, ಕ್ಲಚ್ ಪ್ಲೇಟಿಗೆ ಪೆಟ್ಟು. ದೊಡ್ಡ ಸ್ಪ್ರಾಕೆಟ್ ಕವರಿನೊಳಗೆ ಚೈನ್ ಉಜ್ಜದಂತೆ ಕೂರುತ್ತದೆಯೇ ಎಂದೂ ನೋಡಬೇಕು. ಕಂಪನಿ ಕೊಟ್ಟದ್ದನ್ನು ಬಿಟ್ಟರೆ ವಾರಂಟಿ ತಕರಾರು ಬೇರೆ.

ಉದ್ದ ಸ್ಟ್ರೋಕಿನ ಒಂಟಿ ಸಿಲಿಂಡರ್ ಎಂಜಿನ್ನಿನ ಸ್ವಭಾವ ಅದು. ಆ ಬೈಕಿನ ಸುಖವಾದ ವೇಗ 75ರಿಂದ 85. ದಿನವಿಡೀ 100 ಬೇಕೆನ್ನುವವರು ಸ್ಪ್ರಾಕೆಟ್ ಬಿಟ್ಟು ಬೈಕನ್ನೇ ಬದಲಿಸಬೇಕು. ಅದಕ್ಕೆ ಮುಂಚೆ ಎಂಜಿನ್ ಮೌಂಟಿಂಗ್ ಬೋಲ್ಟುಗಳನ್ನೂ ಹ್ಯಾಂಡಲ್ ತುದಿಯ ಭಾರಗಳನ್ನೂ ಒಮ್ಮೆ ಬಿಗಿಮಾಡಿಸಿ. ಮೊದಲು ಇರದ ನಡುಕ ಈಗ ಬಂದಿದ್ದರೆ ಕಾರಣ ಅಲ್ಲೇ ಸಿಗಬಹುದು.

ಪ್ರಶ್ನೆ: 400 ಸಿಸಿ ಮೇಲಿನ ಬೈಕನ್ನು ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಬಿಡುತ್ತಾರಂತೆ, ನಿಜವೇ? (ಮಂಡ್ಯದ ಓದುಗರು)

ಉತ್ತರ: ಇಲ್ಲ. 2023ರ ಆಗಸ್ಟ್ 1ರಿಂದ ಅದರ ಮುಖ್ಯ ಪಥದಲ್ಲಿ ಎಲ್ಲ ದ್ವಿಚಕ್ರಕ್ಕೂ ನಿಷೇಧ, ಸಿಸಿ ಎಷ್ಟೇ ಇರಲಿ. ಸರ್ವಿಸ್ ರಸ್ತೆಯೇ ಗತಿ. ಅಲ್ಲಿನ ಉಬ್ಬು, ಎದುರು ಬರುವ ಟ್ರ್ಯಾಕ್ಟರ್ ನಡುವೆ 160ಕ್ಕೂ 650ಕ್ಕೂ ಒಂದೇ ಹೊತ್ತು ಹಿಡಿಯುತ್ತದೆ.

ಪ್ರಶ್ನೆ: 350ಕ್ಕೆ ಹಿಂದೆ ಟಾಪ್ ಬಾಕ್ಸ್ ಹಾಕಿಸಿದ್ದೇನೆ. ಮನೆಯವರೂ ಕೂತು ಬಾಕ್ಸ್ ತುಂಬಿದರೆ 80ರ ಹತ್ತಿರ ಹ್ಯಾಂಡಲ್ ಅಲ್ಲಾಡುತ್ತದೆ. ಬೈಕ್ ಸಣ್ಣದಾಯಿತೇ, 650ಕ್ಕೆ ಹೋಗಲೇ? (ತುಮಕೂರಿನ ಓದುಗರು)

ಉತ್ತರ: ಇಂಥ ಅಲ್ಲಾಟಕ್ಕೆ ಸಾಮಾನ್ಯವಾಗಿ ಸಿಸಿ ಕಾರಣವಲ್ಲ, ಭಾರ ಕೂತಿರುವ ಜಾಗ ಕಾರಣ. ಟಾಪ್ ಬಾಕ್ಸ್ ಇರುವುದು ಹಿಂದಿನ ಚಕ್ರದ ಅಚ್ಚಿಗಿಂತ ಹಿಂದೆ, ಎತ್ತರದಲ್ಲಿ. ಅಲ್ಲಿ 12 ಕೆ.ಜಿ. ಇಟ್ಟರೆ ಸನ್ನೆಗೋಲಿನಂತೆ ಮುಂದಿನ ಚಕ್ರವನ್ನು ಎತ್ತುತ್ತದೆ, ಹಗುರಾದ ಮುಂದಿನ ಚಕ್ರ ಅಲ್ಲಾಡುತ್ತದೆ. 650ಕ್ಕೆ ಅದೇ ಬಾಕ್ಸ್ ಹಾಕಿದರೆ ಅದೂ ಅಲ್ಲಾಡೀತು.

ಒಂದೊಂದಾಗಿ ನೋಡಿ, ಈ ಕ್ರಮದಲ್ಲೇ. ಮೊದಲು ಗಾಳಿ, ಟೈರ್ ತಣ್ಣಗಿದ್ದಾಗ. ಇಬ್ಬರಿಗೆ ಎಷ್ಟು ಎಂದು ಚೈನ್ ಕವರ್ ಅಥವಾ ಸ್ವಿಂಗ್ ಆರ್ಮ್ ಮೇಲಿನ ಸ್ಟಿಕ್ಕರಿನಲ್ಲಿದೆ. ಹಿಂದಿನ ಚಕ್ರಕ್ಕೆ ಸಾಮಾನ್ಯವಾಗಿ ಒಬ್ಬರಿಗಿಂತ 4 ಪಿಎಸ್‌ಐ ಜಾಸ್ತಿ. ಬಂಕಿನವರು ಕೇಳದೆ ಎರಡಕ್ಕೂ ಒಂದೇ ಹಾಕುತ್ತಾರೆ, ನೀವು ಹೇಳಿ. ಎರಡನೆಯದು ಸಾಮಾನು. ನೀರಿನ ಬಾಟಲಿ, ಟೂಲ್, ಬೂಟು ಇಂಥ ಭಾರವನ್ನು ಇಕ್ಕೆಲದ ಬ್ಯಾಗಿನಲ್ಲಿ ತಗ್ಗಿನಲ್ಲಿಡಿ. ಟಾಪ್ ಬಾಕ್ಸಿಗೆ ರೇನ್‌ಕೋಟು, ಬಟ್ಟೆ, 5 ಕೆ.ಜಿ. ಮೀರದಂತೆ. ಮೂರನೆಯದು ಹಿಂದಿನ ಶಾಕ್‌ನ ಪ್ರಿಲೋಡ್, ಅಂದರೆ ಅದರ ಸ್ಪ್ರಿಂಗಿನ ಬಿಗಿ. ಶಾಕ್ ಕೆಳಗಿನ ಮೆಟ್ಟಿಲು ಮೆಟ್ಟಿಲಾದ ಉಂಗುರವನ್ನು ಟೂಲ್ ಕಿಟ್ಟಿನ ಕೊಕ್ಕೆ ಸ್ಪ್ಯಾನರಿನಿಂದ ಎರಡು ಮೆಟ್ಟಿಲು ಮೇಲಕ್ಕೆ ತಿರುಗಿಸಿ, ಎಡ ಬಲ ಎರಡೂ ಒಂದೇ ಮೆಟ್ಟಿಲಿನಲ್ಲಿರಲಿ. ಹಿಂಭಾಗ ಎದ್ದಷ್ಟೂ ಮುಂದಿನ ಚಕ್ರಕ್ಕೆ ಭಾರ ಮರಳುತ್ತದೆ, ಹೆಡ್‌ಲೈಟೂ ಎದುರಿನವರ ಕಣ್ಣಿಗೆ ಹೊಡೆಯುವುದು ನಿಲ್ಲುತ್ತದೆ.

ಆಗಲೂ ನಿಲ್ಲದಿದ್ದರೆ ಹ್ಯಾಂಡಲ್ ಕೆಳಗಿನ ಬೇರಿಂಗ್, ನಮ್ಮ ಮೆಕ್ಯಾನಿಕ್‌ಗಳು ಕೋನ್‌ಸೆಟ್ ಅನ್ನುವುದು. ನಡುವಿನ ಸ್ಟ್ಯಾಂಡ್ ಹಾಕಿ, ಒಬ್ಬರು ಹಿಂದೆ ಒತ್ತಿ ಮುಂದಿನ ಚಕ್ರ ಎತ್ತಲಿ. ಹ್ಯಾಂಡಲ್ಲನ್ನು ಒಂದೇ ಬೆರಳಿನಿಂದ ಎಡದಿಂದ ಬಲಕ್ಕೆ ಮೆಲ್ಲಗೆ ತಳ್ಳಿ. ಸರಿ ಮಧ್ಯದಲ್ಲಿ ಸಣ್ಣ ಹಳ್ಳಕ್ಕೆ ಬಿದ್ದಂತೆ ಟಕ್ಕೆಂದು ನಿಂತರೆ ಬೇರಿಂಗ್ ಹೋಗಿದೆ, ಬಿಗಿಮಾಡಿ ಪ್ರಯೋಜನವಿಲ್ಲ, ಬದಲಿಸಿ. ಹಾಗೆ ನಿಲ್ಲದೆ, ಫೋರ್ಕಿನ ಕೆಳತುದಿ ಹಿಡಿದು ಹಿಂದೆ ಮುಂದೆ ಎಳೆದಾಗ ಲಟಲಟ ಅಂದರೆ ಬಿಗಿಮಾಡಿದರೆ ಸಾಕು.

ಪ್ರಶ್ನೆ: ಟೆಸ್ಟ್ ರೈಡ್‌ಗೆ ಹತ್ತೇ ನಿಮಿಷ ಕೊಡುತ್ತಾರೆ. ಏನು ನೋಡಲಿ? (ಹಾಸನದ ಓದುಗರು)

ಉತ್ತರ: ಸ್ಟಾರ್ಟ್ ಮಾಡುವ ಮೊದಲೇ ಅರ್ಧ ಪರೀಕ್ಷೆ ಮುಗಿಸಿ. ಸೈಡ್ ಸ್ಟ್ಯಾಂಡಿನಿಂದ ಎತ್ತಿ, ಇಳಿದು ನಿಂತು, ಶೋರೂಮಿನ ಇಳಿಜಾರಿನಲ್ಲಿ ಹತ್ತು ಹೆಜ್ಜೆ ಹಿಂದಕ್ಕೆ ತಳ್ಳಿ. ಏದುಸಿರು ಬಂದರೆ ಆ ತೂಕ ನಿಮಗೆ ಹೆಚ್ಚು. ಕೂತು ಹ್ಯಾಂಡಲ್ಲನ್ನು ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ. ಹೊರಗಿನ ಕೈ ಎಟುಕದಿದ್ದರೆ ಹೇರ್‌ಪಿನ್ನಿನಲ್ಲಿ ಕಷ್ಟ. ರಸ್ತೆಗೆ ಇಳಿದ ಮೇಲೆ ಯು-ಟರ್ನ್ ಒಂದು. ಮೂರನೇ ಗೇರಿನಲ್ಲಿ 30ಕ್ಕೆ ಇಳಿಸಿ ಆಕ್ಸಿಲರೇಟರ್ ಕೊಡಿ, ಕೆಮ್ಮದೆ ಎಳೆಯಬೇಕು. ಉಬ್ಬಿನ ಮೇಲೆ ಹಿಂದೆ ಯಾರನ್ನಾದರೂ ಕೂರಿಸಿಕೊಂಡೇ ಹೋಗಿ, ಒಬ್ಬರೇ ಹೋದರೆ ಎಲ್ಲ ಶಾಕೂ ಚೆನ್ನಾಗಿಯೇ ಇರುತ್ತದೆ. ವಾಪಸು ಬಂದು ಎರಡು ನಿಮಿಷ ಎಂಜಿನ್ ಆರಿಸದೆ ನಿಲ್ಲಿಸಿಕೊಂಡು ಕೂರಿ. ಟೆಸ್ಟ್ ರೈಡ್ ಮಧ್ಯಾಹ್ನ ಹನ್ನೆರಡಕ್ಕೆ ಕೇಳಿ, ಬೆಳಗಿನ ತಂಪಿನಲ್ಲಿ ಯಾವ ಎಂಜಿನ್ನೂ ಕಾಲು ಸುಡುವುದಿಲ್ಲ.